ದೃಷ್ಟಿ ತೆಗೆದದ್ದು ಯಾವ ಬುಟ್ಟಿಗೆ?

"ಅದನ್ನ ಅಲ್ಲಿ ಹಾಕ್ಬೇಡಿ!"

ಹಿಂದಿನಿಂದ ಗಂಡಸಿನ ದನಿ. ಮಧುಶ್ರೀಯ ಕೈ ಎತ್ತಿದಲ್ಲೇ ನಿಂತಿತು.

ಭೀಮನ ಅಮಾವಾಸ್ಯೆಯ ಮುಸ್ಸಂಜೆ. ಅವಳ ಅಂಗೈಯಲ್ಲಿ ಅಪ್ಪನಿಗೆ ನಿವಾಳಿಸಿದ ಕಲ್ಲುಪ್ಪು, ಒಣಮೆಣಸಿನಕಾಯಿ, ಕೊಯ್ದ ನಿಂಬೆಹಣ್ಣು. ಎದುರಿಗೆ ನಜರ್‌ಬಾದಿನ ಆ ಮೂರು ದಾರಿ ಕೂಡುವ ಮೂಲೆ. ಮೂಲೆಯ ತುಂಬ ಕಸದ ಗುಡ್ಡೆ.

ದೃಷ್ಟಿ ತೆಗೆದದ್ದನ್ನು ಹಿಡಿದು ಮನೆಯಿಂದ ಹೊರಟವರು ಯಾರ ಜೊತೆಗೂ ಮಾತಾಡಬಾರದು. ಎಸೆದ ಮೇಲೆ ತಿರುಗಿ ನೋಡಬಾರದು. ವಾಪಸ್ ಬಂದು ಕಾಲು ತೊಳೆಯುವ ತನಕ ಬಾಯಿಗೆ ಬೀಗ. ಅಮ್ಮ ಪ್ರೇಮಲೀಲಾ ಅವರ ಕಟ್ಟಪ್ಪಣೆ ಅದು.

'ಯಾರಪ್ಪಾ ಇದು... ಯಾರಾದ್ರೂ ಆಗ್ಲಿ, ನಾನು ಮಾತಾಡಲ್ಲ.'

ಅವಳು ಎಸೆದೇ ಬಿಟ್ಟಳು.

"ರೀ, ನಿಮಗೇ ಹೇಳಿದ್ದು! ಕೇಳಿಸ್ಲಿಲ್ವಾ?"

ಅವನು ಮುಂದೆ ಬಂದು ಅಡ್ಡ ನಿಂತ. ಆಗಲೇ ಬೀದಿದೀಪ ಹತ್ತಿತು. ಮಧುಶ್ರೀ ತಲೆಯೆತ್ತಿ ನೋಡಿದಳು...

ಆ ಮುಖ! ಅದೇ ದಟ್ಟ ಹುಬ್ಬು, ಅದೇ ಗದ್ದದ ಗುಳಿ... ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ, ಅವಳ ಕಣ್ಣೆದುರೇ, ನೆತ್ತರಲ್ಲಿ ಬಿದ್ದಿದ್ದ ಮುಖ!

ಅವಳ ಕಿವಿಯಲ್ಲಿ ಆ ಸದ್ದು ಶುರುವಾಯಿತು. ಬಿದ್ದ ಸ್ಕೂಟರಿನ ಚಕ್ರ ಸುಮ್ಮನೆ ತಿರುಗುತ್ತಲೇ ಇರುವ ಸದ್ದು. ಫ್ಯಾನು ತಿರುಗಿದರೂ ಅದೇ, ಹೊಲಿಗೆ ಮಿಷನ್ನು ಓಡಿದರೂ ಅದೇ. ಮೂರು ವರ್ಷದಿಂದ ಅವಳ ಬೆನ್ನು ಬಿಟ್ಟಿಲ್ಲ.

ಸತ್ತವನು ಎದ್ದು ಬಂದಿದ್ದಾನೆ!

ಕಿರುಚಬೇಕೆಂದರೂ ದನಿ ಹೊರಡಲಿಲ್ಲ. ಸೆರಗಿನಂತೆ ದುಪಟ್ಟಾ ಬಿಗಿಹಿಡಿದು ಮನೆಯ ಕಡೆಗೆ ಓಡಿದಳು. ಹಿಂದೆ ಆ ದನಿ ಮೆತ್ತಗಾಯಿತು.

"ಅಯ್ಯೋ ಪಾಪ... ಮಾತು ಬರಲ್ವೇನೋ!"

ಒಳ್ಳೆ ಗಂಡ ಸಿಗಲೆಂದು ಬೆಳಗ್ಗೆ ತಾನೇ ಭೀಮೇಶ್ವರನಿಗೆ ಪೂಜೆ ಮಾಡಿದ್ದ ಹುಡುಗಿ. ಸಂಜೆಗೆ ಸಿಕ್ಕಿದ್ದು ದೆವ್ವ! ನಮ್ಮ ಮಧುಶ್ರೀಯ ಹಣೆಬರಹವೇ ಅಂಥದ್ದು, ಏನು ಮಾಡೋಣ ಹೇಳಿ?

* * *

ಮಾರನೇ ಬೆಳಗ್ಗೆ ದೆವ್ವ ಗೇಟು ತೆಗೆದುಕೊಂಡು ಸೀದಾ ಮನೆಗೇ ಬಂತು. ಹೆಗಲಿಗೊಂದು ಚೀಲ, ಕೈಯಲ್ಲಿ ಎರಡು ಪ್ಲಾಸ್ಟಿಕ್ ಬುಟ್ಟಿ.

ಬಾಗಿಲು ತೆಗೆದ ಮಧುಶ್ರೀ ಮೊದಲು ನೋಡಿದ್ದು ಅವನ ಕಾಲ ಬುಡ. ನೆರಳು ಬಿದ್ದಿತ್ತು. 'ಅಬ್ಬಾ... ಮನುಷ್ಯನೇ!'

ಅವನು ಅವಳ ಗುರುತು ಹಿಡಿದ. ಕೂಡಲೇ ಮುಖದ ಮೇಲೊಂದು ಅತಿಯಾದ ಮರುಕ ಬಂತು. ಹಸಿರು ಬುಟ್ಟಿ ಎತ್ತಿ ತೋರಿಸಿದ. ಬಾಳೆಹಣ್ಣು ಸುಲಿದಂತೆ ಮಾಡಿದ, ತಿಂದಂತೆ ಮಾಡಿದ, ಸಿಪ್ಪೆಯನ್ನು ಬುಟ್ಟಿಗೆ ಹಾಕಿದಂತೆ ಮಾಡಿದ. ಆಮೇಲೆ ಕೆಂಪು ಬುಟ್ಟಿ. ಪೇಪರ್ ಮಡಿಸಿದ, ಬಾಟಲಿಯಿಂದ ಗಟಗಟ ಕುಡಿದ... ಎಲ್ಲ ಬರೀ ಕೈಸನ್ನೆಯಲ್ಲಿ!

ಮಧುಶ್ರೀ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ನಿಜ ಹೇಳಬೇಕೆಂದರೆ, ಬೇಕೆಂದೇ ನೋಡಿದಳು.

"ನಂಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಕಣ್ರೀ."

ಅವನ ಕೈಯಿಂದ ಬುಟ್ಟಿ ಜಾರಿ ಜಗಲಿ ಮೇಲೆ ಉರುಳಿತು.

"ಮತ್ತೆ... ನಿನ್ನೆ?"

"ದೃಷ್ಟಿ ತೆಗ್ದಿದ್ದು ಹಾಕೋವಾಗ ಮಾತಾಡ್ಬಾರ್ದು. ಅಷ್ಟೂ ಗೊತ್ತಿಲ್ವಾ?"

"ನಾನು ಮನೆಗೆ ಹೋಗೋವರ್ಗೂ ಬೇಜಾರು ಮಾಡ್ಕೊಂಡಿದ್ದೆ, ಮಾತು ಬರದಿರೋ ಹುಡುಗಿನ ಗದರಿಸ್ಬುಟ್ನಲ್ಲ ಅಂತ!"

"ಈಗ ಮಾತು ಬರುತ್ತೆ ಅಂತ ಬೇಜಾರಾ?"

ಇಬ್ಬರೂ ನಕ್ಕರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಪ್ರೇಮಲೀಲಾ ಸೌಟು ಹಿಡಿದೇ ಹೊರಗೆ ಇಣುಕಿದರು. ಈ ಮನೆಯಲ್ಲಿ ಮಗಳ ನಗು ಕೇಳಿದ್ದೇ ಅವರಿಗೆ ಮರೆತುಹೋಗಿತ್ತು.

ಅವನ ಹೆಸರು ಸಾಗರ್. ಕಸದ ವಿಷಯದಲ್ಲಿ ಜನರ ಜೊತೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯವನು. ಎರಡು ಸಾವಿರದ ಎರಡನೇ ಇಸವಿ ಅದು. ಊರಿನ ವಾರ್ಡುಗಳಲ್ಲಿ ಮನೆ ಮನೆಯಿಂದ ಕಸ ತೆಗೆಯುವ ಗಾಡಿಗಳು ಆಗಷ್ಟೇ ಓಡಾಡತೊಡಗಿದ್ದವು.

"ನಾವು ಬಂದು ಹಿಂಗೆ ಮಾಡಿ ಅಂತ ಹೇಳಲ್ಲ," ಅಂದ ಅವನು ಕಾಫಿ ಲೋಟ ಹಿಡಿದು. "ಬೀದಿಯವರೇ ಕೂತ್ಕೊಂಡು ಪ್ಲಾನ್ ಮಾಡ್ಬೇಕು. ಯಾವ ಕಸ ಮನೇಲೇ ಕಮ್ಮಿ ಮಾಡ್ಬೋದು, ಹಸಿ ಕಸಕ್ಕೆ ಗುಂಡಿ ಎಲ್ಲಿ ತೋಡೋದು, ಗಾಡಿ ಎಷ್ಟೊತ್ತಿಗೆ ಬಂದ್ರೆ ಅನುಕೂಲ... ನೀವು ಹೇಳಿದ್ದನ್ನೇ ವಾರ್ಡಿಗೆ ಕೊಡ್ತೀವಿ."

"ನಿಮಗ್ಯಾಕೆ ಇಷ್ಟೊಂದು ಆಸಕ್ತಿ?"

"ನಮ್ಮನೆ ವಿದ್ಯಾರಣ್ಯಪುರಂ ಕಡೆ. ಊರಿನ ಕಸವೆಲ್ಲ ಬಂದು ಬೀಳೋದು ನಮ್ಮ ಪಕ್ಕಕ್ಕೇ. ನೀವಿಲ್ಲಿ ಎಸೆದಿದ್ದನ್ನ ನಾವಲ್ಲಿ ಮೂಗಲ್ಲಿ ಎಳ್ಕೋತೀವಿ."

ಅವಳ ಎದೆಯಲ್ಲಿ ಒಂದು ಪ್ರಶ್ನೆ ಕುದಿಯುತ್ತಿತ್ತು. ಕೇಳಬಾರದು ಅಂದುಕೊಂಡೇ ಕೇಳಿದಳು. "ನಿಮಗೆ... ಅಣ್ಣ, ತಮ್ಮ?"

ಸಾಗರನ ಮುಖದ ನಗು ಆರಿತು.

"ಅಣ್ಣ ಇದ್ದ."

ಇದ್ದ! ಆ ಒಂದು ಮಾತು ಸಾಕಾಯಿತು. ಚಕ್ರದ ಸದ್ದು ಮತ್ತೆ ಶುರುವಾಯಿತು.

* * *

ಮೂರು ವರ್ಷದ ಹಿಂದಿನ ಆಯುಧಪೂಜೆಯ ದಿನ ನಡೆದದ್ದು ಇಷ್ಟು.

ಮಧುಶ್ರೀಯ ಅಪ್ಪ ಸದಾಶಿವಯ್ಯನವರಿಗೆ ಮಾರುಕಟ್ಟೆ ಹತ್ತಿರ ಪೂಜೆ ಸಾಮಾನಿನ ಒಂದು ಗ್ರಂದಿಗೆ ಅಂಗಡಿ, ಅಂಗಡಿಗೊಂದು ಹಳೇ ವ್ಯಾನು. ಗಂಡುಮಕ್ಕಳಿಲ್ಲದ ಮನೆ, ಅಪ್ಪನಿಗೆ ಮಂಡಿನೋವು. ಹಾಗಾಗಿ ವ್ಯಾನಿಗೆ ನಿವಾಳಿಸಿದ ಬೂದುಗುಂಬಳಕಾಯಿ ಒಡೆಯುವುದು ಯಾವಾಗಲೂ ಅವಳದೇ ಕೆಲಸ. ಬೀದಿಯವರೆಲ್ಲ ಗಾಡಿಗಳನ್ನು ಮೂರು ದಾರಿ ಕೂಡುವಲ್ಲಿಗೇ ತರುತ್ತಿದ್ದರು. ಅಲ್ಲಿ ಒಡೆದರೆ ದೃಷ್ಟಿಗೆ ಮನೆಯ ದಾರಿ ತಪ್ಪಿಹೋಗುತ್ತದಂತೆ!

ಅವಳು ಜೋರಾಗಿ ಒಡೆದಿದ್ದಳು. ಕುಂಕುಮ ಮೆತ್ತಿದ ಬಿಳಿ ಹೋಳುಗಳು ರಸ್ತೆ ತುಂಬ ಚೆಲ್ಲಿದವು.

"ಹೋಳೆಲ್ಲ ಪಕ್ಕಕ್ಕೆ ಸರಿಸು ಕಣೇ," ಅಂದಿದ್ದರು ಅಮ್ಮ.

"ಆಮೇಲೆ ಸರಿಸ್ತೀನಮ್ಮ..." ಅಂದವಳು ಒಳಗೆ ಹೋಗಿ ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ಕೂತಳು.

ತುತ್ತು ಬಾಯಿಗಿಡುವ ಮೊದಲೇ ಹೊರಗೆ ದಢಾರೆಂದು ಸದ್ದು.

ಹೊಸ ಸ್ಕೂಟರ್. ಹ್ಯಾಂಡಲಿಗೆ ಸೇವಂತಿಗೆ ಹಾರ. ತಿರುವಿನಲ್ಲಿ ಜಾರಿ ಬಿದ್ದವನ ತಲೆ ಚರಂಡಿಯ ಕಲ್ಲಿಗೆ ಬಡಿದಿತ್ತು. ನೀರಿನ ಚೊಂಬು ಹಿಡಿದು ಮೊದಲು ಓಡಿದವಳು ಮಧುಶ್ರೀಯೇ. ಆಸ್ಪತ್ರೆ ಮುಟ್ಟುವ ಮೊದಲೇ ಅವನು ಹೋಗಿಬಿಟ್ಟಿದ್ದನಂತೆ. ಹೆಸರು ಗೋವಿಂದರಾಜು ಎಂದು ಪೇಪರಿನಲ್ಲಿ ಬಂದಿತ್ತು.

ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಬೀದಿಯವರು ರಸ್ತೆಗೆ ನೀರು ಹೊಯ್ದು ಬಾಗಿಲು ಹಾಕಿಕೊಂಡರು. ಮುಂದಿನ ವರ್ಷದಿಂದ ಅವರವರ ಗೇಟಿನ ಮುಂದೆ ಒಡೆಯತೊಡಗಿದರು, ಹೋಳು ಮಾತ್ರ ರಸ್ತೆಯಲ್ಲೇ. ಆ ಮೂಲೆಯನ್ನು ಗುಡಿಸುವವರಿಲ್ಲದೆ ಕಸ ಬೀಳತೊಡಗಿತು. ಬಿದ್ದಷ್ಟೂ ಒಳ್ಳೆಯದೆಂದು ಎಲ್ಲರಿಗೂ ಒಳಗೊಳಗೇ ಅನಿಸುತ್ತಿತ್ತೋ ಏನೋ. ಆ ಕಲ್ಲು ಕಾಣದ ಹಾಗೆ ಮುಚ್ಚಿಹೋಯಿತು.

ಮಧುಶ್ರೀ ಮತ್ತೆ ಕುಂಬಳಕಾಯಿ ಮುಟ್ಟಲಿಲ್ಲ. ಬಂದ ಎರಡು ಸಂಬಂಧಗಳನ್ನೂ ಬೇಡವೆಂದಳು. ಕಾರಣ ಯಾರಿಗೂ ಹೇಳಲಿಲ್ಲ.

'ಒಂದು ಮನೆಯ ದೀಪ ಆರಿಸಿದವಳು ನಾನು. ಇನ್ನೊಂದು ಮನೆಗೆ ದೀಪ ಹಚ್ಚೋಕೆ ಯಾವ ಮುಖ ಇಟ್ಕೊಂಡು ಹೋಗ್ಲಿ?'

ಈಗ ನೋಡಿದರೆ, ಅವನ ತಮ್ಮನೇ ಅವಳ ಮನೆಯ ಜಗಲಿಯಲ್ಲಿ ಕೂತು ಕಾಫಿ ಚೆನ್ನಾಗಿದೆ ಅನ್ನುತ್ತಿದ್ದಾನೆ!

* * *

ಗಣಪತಿ ಗುಡಿಯ ಅಂಗಳದಲ್ಲಿ ಮೊದಲ ಸಭೆ. ಚಾಪೆಗಳು ಹೆಚ್ಚು, ಜನ ಕಮ್ಮಿ. ಬಂದವರೂ ಸಾಗರನ ಮುಖ ನೋಡಿ ಕಣ್ಣು ತಗ್ಗಿಸುತ್ತಿದ್ದರು. ಅಣ್ಣನ ಅಚ್ಚೇ ಇದ್ದ ಆ ಮುಖ ಯಾರಿಗೂ ಮರೆತಿರಲಿಲ್ಲ.

ಮಧುಶ್ರೀ ಮನೆಮನೆಗೆ ಹೋಗಿ ಕರೆದಳು. ಯಾಕೆ ಕರೆಯುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಪ್ರಾಯಶ್ಚಿತ್ತವೋ, ಅವನ ಪಕ್ಕ ನಡೆಯುವ ಆಸೆಯೋ?

ಎರಡೂ ಅನ್ನಿ. ಹೆಣ್ಣಿನ ಮನಸ್ಸಿನಲ್ಲಿ ಎರಡಕ್ಕೂ ಜಾಗ ಇರುತ್ತದೆ.

ಜನ ಬಂದ ಮೇಲೆ ಮಾತೂ ಬಂತು. ಎದುರುಮನೆ ಭಾನುಮತಿ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತರು.

"ಹಸಿ ಕಸ ಹಸಿರು ಬುಟ್ಟಿಗೆ, ಒಣ ಕಸ ಕೆಂಪು ಬುಟ್ಟಿಗೆ. ಸರಿನಪ್ಪ. ದೃಷ್ಟಿ ತೆಗೆದಿದ್ದು ಯಾವ ಬುಟ್ಟಿಗೆ?"

ಸಾಗರ್ ಕಣ್ಣು ಪಿಳುಕಿಸಿದ. "ನಿಂಬೆಹಣ್ಣು ತಾನೇ... ಹಸಿ ಕಸ."

"ಆಹಾ! ಅದನ್ನ ಗೊಬ್ಬರ ಮಾಡ್ತೀಯ. ಆ ಗೊಬ್ಬರದಲ್ಲಿ ಸೊಪ್ಪು ಬೆಳೀತೀಯ. ಆ ಸೊಪ್ಪು ನಾವು ತಿಂತೀವಿ. ಎಸೆದ ದೃಷ್ಟಿ ಸಾರಿನ ಜೊತೆ ಹೊಟ್ಟೆಗೇ ವಾಪಸ್ ಬಂತಲ್ಲಪ್ಪ!"

ಅಂಗಳವೆಲ್ಲ ನಕ್ಕಿತು. ಸಾಗರ್ ಮಾತ್ರ ನಗಲಿಲ್ಲ. "ನೀವು ಹೇಳೋದು ನಂಗೆ ಹೊಳ್ದೇ ಇರ್ಲಿಲ್ಲ ಕಣಮ್ಮ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನೀವೇ ಎಲ್ಲ ಸೇರಿ ಯೋಚ್ನೆ ಮಾಡಿ."

ಮಧುಶ್ರೀಗೆ ಆ ಗಳಿಗೆಯಲ್ಲೇ ಅವನು ಪೂರ್ತಿ ಇಷ್ಟವಾಗಿಹೋದ.

ವಾರಗಳು ಉರುಳಿದವು. ಗುಡಿಯ ಹಿಂದಿನ ಖಾಲಿ ಜಾಗದಲ್ಲಿ ಗುಂಡಿ ತೋಡುವುದೆಂದಾಯಿತು. ಅಂಗಡಿಗೆ ಬಟ್ಟೆ ಚೀಲ ಒಯ್ಯುವುದೆಂದಾಯಿತು. ಗಾಡಿ ಆರೂವರೆಗೆ ಬೇಡ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೆ ಬರಲಿ ಎಂದು ಹೆಂಗಸರು ಹಟ ಹಿಡಿದು ಗೆದ್ದರು. 'ರೀ' ಎನ್ನುತ್ತಿದ್ದ ಇವರಿಬ್ಬರೂ 'ನೀನು' ಎನ್ನತೊಡಗಿದರು. ಅವನು ನಕ್ಕಾಗ ಅವಳ ಜೀವ ಹಗುರವಾಗುತ್ತಿತ್ತು. ಗದ್ದದ ಗುಳಿ ಕಂಡಾಗ ಅದೇ ಜೀವ ಕುಸಿಯುತ್ತಿತ್ತು. ಪಕ್ಕದಲ್ಲಿ ನಡೆಯುತ್ತಿರುವುದು ಇಬ್ಬರು, ಒಬ್ಬ ಬದುಕಿದವನು, ಒಬ್ಬ ಸತ್ತವನು, ಎಂದು ಅವಳಿಗೆ ಎಷ್ಟೋ ಸಲ ಅನಿಸುತ್ತಿತ್ತು.

ಗುಂಡಿಗೆ ಮೊದಲ ಸಲ ಹಸಿ ಕಸ ಹಾಕಿದ ದಿನ, ಎಲ್ಲರೂ ಹೋದ ಮೇಲೆ, ಅವನೇ ಬಾಯಿಬಿಟ್ಟ.

"ಮಧು, ಈ ಬೀದಿನ ನಾನೇ ಕೇಳಿ ತಗೊಂಡಿದ್ದು. ನಮ್ಮಣ್ಣ ಇಲ್ಲೇ... ಆ ಮೂಲೇಲೇ ಹೋಗಿದ್ದು. ಕುಂಬಳಕಾಯಿ ಹೋಳಿನ ಮೇಲೆ ಜಾರಿ. ಅಕ್ಕನ ಮನೆಗೆ ಸಿಹಿ ಕೊಟ್ಟು ಬರ್ತೀನಿ ಅಂತ ಹೊರಟಿದ್ದ."

ಮಧುಶ್ರೀ ಗುಂಡಿಯ ಮಣ್ಣನ್ನೇ ನೋಡಿದಳು. "ಅದನ್ನ ಒಡೆದೋರು... ಸಿಕ್ಕಿದ್ರೆ?"

"ಮೊದಮೊದ್ಲು ಕೊಂದೇ ಹಾಕ್ಬೇಕು ಅನ್ನಿಸ್ತಿತ್ತು. ಈಗ... ಯಾಕೆ ಎತ್ತಿ ಪಕ್ಕಕ್ಕೆ ಹಾಕ್ಲಿಲ್ಲ ಅಂತ ಒಂದೇ ಒಂದ್ಸಲ ಕೇಳ್ಬೇಕು, ಅಷ್ಟೇ."

'ಹೇಳೇ ಮಧು... ಈಗ್ಲೇ ಹೇಳ್ಬಿಡು...'

ತುಟಿ ಅಲುಗಿತು. ಅಷ್ಟರಲ್ಲಿ ಅವನು ಮಣ್ಣಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಸ್ವಲ್ಪ ನಾಚಿಕೊಂಡು ಕೇಳಿಬಿಟ್ಟ.

"ಅವ್ವನ್ನ ಕರ್ಕೊಂಡು ಬಂದು ನಿಮ್ಮಪ್ಪಾಜಿ ಹತ್ರ ಮಾತಾಡ್ಲಾ?"

ಎಷ್ಟು ದಿನದಿಂದ ಕಾದಿದ್ದ ಮಾತು! ಆದರೆ ಬಂದದ್ದು ಎಂಥ ಗಳಿಗೆಯಲ್ಲಿ! ಯಾವ ತಾಯಿಯ ಮಗನನ್ನು ಕಳೆದಳೋ ಆ ತಾಯಿಗೇ ಸೊಸೆಯಾಗುವುದೇ? ಸತ್ಯ ಹೇಳಿದರೆ ಇವನು ಹೋಗುತ್ತಾನೆ. ಹೇಳದಿದ್ದರೆ... ದಿನಾ ಬೆಳಗ್ಗೆ ಆ ತಾಯಿಯ ಮುಖ ನೋಡಬೇಕು!

"ಬೇಡ!" ಅಂದಳು. ಅಂದು ಅಳುತ್ತ ಹೊರಟುಹೋದಳು.

"ಮಧು! ನಾವು ಬೇರೆ ಜನ ಅಂತಾನಾ? ಇಲ್ಲ... ಕಸದೋನು ಅಂತಾನಾ?"

ಅವಳು ನಿಲ್ಲಲಿಲ್ಲ. ಮಾರನೇ ದಿನದಿಂದ ಅವನು ಅವಳನ್ನು 'ಮಧುಶ್ರೀಯವರೇ' ಎಂದು ಕರೆಯತೊಡಗಿದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

* * *

ದಸರಾ ಹತ್ತಿರ ಬಂತು. ಸಂಜೆಯಾದರೆ ಅರಮನೆಯ ದೀಪದ ಬೆಳಕು ಆ ಕಡೆಯ ಆಕಾಶಕ್ಕೆಲ್ಲ ಹರಡುತ್ತಿತ್ತು. ಬೀದಿಯ ಪ್ಲಾನನ್ನು ಮುಗಿಸಿ ಒಪ್ಪಿಸಬೇಕಾದ ಕೊನೆಯ ಸಭೆ. ಗುಡಿಯ ಅಂಗಳ ಆವತ್ತು ತುಂಬಿತ್ತು.

ಸಾಗರ್ ಎದ್ದು ನಿಂತ. "ಒಂದೇ ವಿಷಯ ಉಳ್ದಿರೋದು. ಆಯುಧಪೂಜೆ ಕುಂಬಳಕಾಯಿ. ರಸ್ತೇಲಿ ಒಡೆಯೋ ಬದ್ಲು ಎಲ್ಲ ಗುಂಡಿ ಹತ್ರ ತಂದು..."

ಯಾರೋ ಕೆಮ್ಮಿದರು.

ಮೂಲೆಮನೆ ಶಿವರುದ್ರಪ್ಪನವರು, ರಿಟೈರಾದ ಮೇಷ್ಟ್ರು, ಕನ್ನಡಕ ತೆಗೆದು ಒರೆಸಿದರು. "ಅದೊಂದು ಬಿಟ್ಟು ಬೇರೆ ಏನಾದ್ರೂ ಮಾತಾಡಪ್ಪ."

"ಅದೊಂದಕ್ಕೇ ನಾನು ಈ ಬೀದಿಗೆ ಬಂದಿದ್ದು ಸಾರ್."

ಒಬ್ಬರು ಎದ್ದರು. ಇನ್ನೊಬ್ಬರು ಚಪ್ಪಲಿ ಹುಡುಕತೊಡಗಿದರು. ಭಾನುಮತಿ ಸೆರಗು ಕೊಡವಿಕೊಂಡು, "ಅನ್ನಕ್ಕಿಟ್ಟು ಬಂದಿದ್ದೀನಿ," ಅಂದರು. ಸಾಗರ್ ಬರಿಗೈಯಲ್ಲಿ ನಿಂತಿದ್ದ. ಅವನ ಮುಖ ನೋಡುತ್ತಿದ್ದ ಮಧುಶ್ರೀಗೆ ಗೊತ್ತಾಯಿತು. ಇವರೆಲ್ಲ ಎದ್ದು ಹೋದರೆ ಈ ವರ್ಷವೂ ರಸ್ತೆಯಲ್ಲಿ ಹೋಳು ಬೀಳುತ್ತವೆ. ಇನ್ಯಾವುದೋ ತಾಯಿಯ ಮಗ ಹಾರ ಹಾಕಿದ ಗಾಡಿಯಲ್ಲಿ ಇದೇ ದಾರಿಗೆ ಬರುತ್ತಾನೆ.

'ಇವನು ನನ್ನ ಕೈತಪ್ಪಿ ಹೋದ್ರೂ ಹೋಗ್ಲಿ.'

"ಕೂತ್ಕೊಳ್ಳಿ ಎಲ್ರೂ!"

ತನ್ನ ದನಿಗೆ ತಾನೇ ಬೆಚ್ಚಿದಳು. ಸಾಗರನ ಕಡೆ ತಿರುಗಿದಳು.

"ಯಾಕೆ ಪಕ್ಕಕ್ಕೆ ಹಾಕ್ಲಿಲ್ಲ ಅಂತ ಕೇಳ್ಬೇಕು ಅಂದಿದ್ಯಲ್ಲ... ನನ್ನ ಕೇಳು ಸಾಗರ್. ಆವತ್ತು ಕೊನೇಲಿ ಒಡೆದೋಳು ನಾನು, ಆಮೇಲೆ ನೀರು ತಗೊಂಡು ಮೊದ್ಲು ಓಡಿದೋಳೂ ನಾನೇ. ಅಮ್ಮ ಸರಿಸು ಅಂದ್ರು, ಆಮೇಲೆ ಅಂದೆ. ಒಬ್ಬಟ್ಟು ಆರುತ್ತಲ್ಲ ಅಂತ ಒಳಗೆ ಹೋದೆ. ಬೇರೆ ಏನೂ ಕಾರಣ ಇಲ್ಲ. ಅಷ್ಟೇ... ಅಷ್ಟಕ್ಕೇ ನಿಮ್ಮಣ್ಣ ಹೋದ್ರು!"

ಪ್ರೇಮಲೀಲಾ "ಅಯ್ಯೋ ಶಿವನೇ!" ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಮೂರು ವರ್ಷ ತಮ್ಮ ಮಗಳು ಯಾವ ದೆವ್ವದ ಜೊತೆ ಬದುಕಿದ್ದಳೆಂದು ಆ ತಾಯಿಗೆ ಈಗ ಗೊತ್ತಾಯಿತು.

"ಇಲ್ಲಮ್ಮ..."

ಶಿವರುದ್ರಪ್ಪನವರು ಮಂಡಿಗೆ ಕೈಯೂರಿ ಮೇಲೆದ್ದರು.

"ನಿಂದಲ್ಲ ಕಣಮ್ಮ. ನಂದು. ನಾನು ತಂದಿದ್ದು ದೊಡ್ಡ ಕಾಯಿ. ಸರಿಯಾಗಿ ತಿರುವಿನಲ್ಲೇ ಒಡೆದೆ. ಆ ಹುಡುಗ ಬಿದ್ದಾಗ ಅವನ ಬೂಟಿಗೆ ಅಂಟಿದ್ದ ಹೋಳಲ್ಲಿ ಅರಿಶಿನ ಇತ್ತು. ಅರಿಶಿನ ಹಚ್ಚೋದು ನಮ್ಮನೇಲಿ ಮಾತ್ರ. ಆಮೇಲಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ."

"ಮೇಷ್ಟ್ರೇ, ಸುಮ್ನಿರಿ." ಭಾನುಮತಿ ಅಳುತ್ತಿದ್ದರು. "ನಮ್ಮ ಹುಡುಗನ ಮೊಪೆಡ್ಡಿಗೆ ಒಡೆದಿದ್ದು ಆ ಕಲ್ಲಿನ ಪಕ್ಕದಲ್ಲೇ. ನಾನೇ ಒಡೆದಿದ್ದು. ನಮ್ಮದೇ ಅಂತ ನಾನು ದೇವರ ಮುಂದೆ ದಿನಾ..."

ಹಿಂದಿನ ಸಾಲಿನಿಂದ ಇನ್ನೊಂದು ದನಿ. "ನಮ್ಮದೂ ಇತ್ತು." ಮತ್ತೊಂದು. "ನಾನೂ ಅಲ್ಲೇ..." ಎದ್ದು ಹೊರಟಿದ್ದವರು ಒಬ್ಬೊಬ್ಬರೇ ವಾಪಸ್ ಬಂದು ಕೂತರು. ಪ್ರತಿಯೊಬ್ಬರೂ ಆ ಸಾವು ತಮ್ಮೊಬ್ಬರದೇ ಎಂದು ಬಾಗಿಲು ಹಾಕಿಕೊಂಡು ಅನುಭವಿಸಿದ್ದರು. ಪಕ್ಕದ ಮನೆಯಲ್ಲೂ ಅದೇ ಇತ್ತೆಂದು ಯಾರಿಗೂ ತಿಳಿದಿರಲಿಲ್ಲ.

ಸಾಗರ್ ಎಲ್ಲರನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದ, ಆಗಲಿಲ್ಲ. ಚೀಲ ಹೆಗಲಿಗೇರಿಸಿಕೊಂಡ. ಮಧುಶ್ರೀಯ ಪಕ್ಕದಲ್ಲಿ ಹಾದು ಹೋಗುವಾಗ ಒಂದೇ ಮಾತು.

"ಮೊದ್ಲೇ ಹೇಳ್ಬೋದಿತ್ತು ಮಧು."

ಹೊರಟೇಹೋದ.

ಅವಳು ಕಂಬಕ್ಕೆ ಒರಗಿ ಕುಸಿದಳು. ಮುಗಿಯಿತು... ಎಲ್ಲ ಮುಗಿಯಿತು.

ಆದರೆ ಸಭೆ ಮುಗಿಯಲಿಲ್ಲ. ಎಂದೂ ಹತ್ತು ಜನರ ಮುಂದೆ ಮಾತಾಡದ ಪ್ರೇಮಲೀಲಾ ಮಗಳ ತಲೆ ಸವರುತ್ತ ದನಿಯೆತ್ತಿದರು.

"ಆ ಹುಡುಗ ಇಲ್ದಿದ್ರೆ ಏನಾಯ್ತು, ಬೀದಿ ನಮ್ಮದು ತಾನೇ? ಕುಂಬಳಕಾಯಿ ಎಲ್ಲ ಗುಂಡೀಲೇ ಒಡೆಯೋಣ, ದೃಷ್ಟಿ ತೆಗೆದಿದ್ದನ್ನೂ ಅಲ್ಲೇ ಹಾಕೋಣ. ಅದಕ್ಕೇಂತ ಬೇರೆ ಗುಂಡಿ ಇರ್ಲಿ. ಆ ಗೊಬ್ಬರ ತಿನ್ನೋ ಸೊಪ್ಪಿಗೆ ಬೇಡ ಭಾನು, ರಸ್ತೆ ಬದಿ ಹೊಂಗೆ ಮರಕ್ಕೆ ಹಾಕೋಣ. ಹೊಂಗೆಕಾಯಿ ಯಾರೂ ತಿನ್ನಲ್ವಲ್ಲ?"

ಭಾನುಮತಿ ಕಣ್ಣೊರೆಸಿಕೊಂಡು ಯೋಚಿಸಿದರು. "ಹೂಂ... ಅದು ಸರಿ ಕಣ್ರೀ."

ಹೀಗೆ ನಜರ್‌ಬಾದಿನ ಆ ಬೀದಿಯ ಪ್ಲಾನಿನಲ್ಲಿ ಮೂರನೆಯದೊಂದು ಕಸ ಸೇರಿತು. ಯಾವ ಸರ್ಕಾರದ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ.

* * *

ಆಯುಧಪೂಜೆಯ ಬೆಳಗ್ಗೆ ಗುಡಿಯ ಹಿಂದೆ ಜನವೋ ಜನ. ತೊಳೆದ ಗಾಡಿಗಳು ಸಾಲಾಗಿ ನಿಂತಿದ್ದವು. ಕಸದ ಮೂಲೆಯನ್ನು ಬೀದಿಯವರೇ ಗುಡಿಸಿ ತೊಳೆದಿದ್ದರು. ಆ ಕಲ್ಲು ಮತ್ತೆ ಕಾಣುತ್ತಿತ್ತು.

ಸಾಗರ್ ಸಭೆಯ ದಿನದಿಂದ ಈ ಕಡೆ ಬಂದಿರಲಿಲ್ಲ. ಫೋನೂ ಇಲ್ಲ.

"ನಡೀ ಮಗಳೇ, ನಮ್ಮ ಸರದಿ," ಅಂದರು ಸದಾಶಿವಯ್ಯ.

ಮಧುಶ್ರೀ ಕುಂಬಳಕಾಯಿ ಎತ್ತಿಕೊಂಡಳು. ಗುಂಡಿಯ ಅಂಚಿಗೆ ಬಂದಳು. ಕೈ ಮೇಲೇಳಲಿಲ್ಲ. ಬೆರಳೆಲ್ಲ ಗಡಗಡ ನಡುಗುತ್ತಿದ್ದವು.

"ಮದುಸ್ರೀ ಅಂದ್ರೆ ನೀನೇನವ್ವಾ?"

ಎದುರಿಗೆ ಒಬ್ಬ ಮುದುಕಿ. ಮಾಸಲು ಹಸಿರು ಸೀರೆ, ತಲೆ ತುಂಬ ನೆರೆ. ಸ್ವಲ್ಪ ಹಿಂದೆ, ತಲೆ ತಗ್ಗಿಸಿ ನಿಂತವನು ಸಾಗರ್!

ಅವನ ತಾಯಿ ದೇವಿರಮ್ಮ. ಮಧುಶ್ರೀಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಕಾಯಿಯನ್ನು ಎದೆಗೆ ಅವುಚಿಕೊಂಡೇ ತಲೆ ಬಗ್ಗಿಸಿದಳು.

"ಹೌದಮ್ಮ... ನಾನೇ. ನಂಗೆ ಏನು ಬೇಕಾದ್ರೂ ಅನ್ನಿ."

"ಅನ್ನಾಕೆ ಬಂದಿಲ್ಲ ಕಣವ್ವ. ಕೇಳಾಕೆ ಬಂದೆ. ನೀರು ತಕ್ಕೊಂಡು ಮೊದ್ಲು ಓಡ್ಬಂದೋಳು ನೀನೇ ಅಂತಲ್ಲ. ನನ್ನ ಗೋವಿಂದ... ಏನಾರ ಅಂದ್ನಾ? ಅವ್ವಾ ಅಂದ್ನಾ? ನೋವು ಅಂದ್ನಾ?"

ಆ ಪ್ರಶ್ನೆಯನ್ನು ಆ ತಾಯಿ ಮೂರು ವರ್ಷ ಯಾರಲ್ಲಿ ಕೇಳಬೇಕೆಂದು ತಿಳಿಯದೆ ಹೊತ್ತು ತಿರುಗಿದ್ದರು.

ಮಧುಶ್ರೀಯ ಕಣ್ಣು ತುಂಬಿ ಬಂತು. "ನೋವು ಅನ್ಲಿಲ್ಲ ಅಮ್ಮ. ನೀರು ಕುಡಿದ್ರು. ಆಮೇಲೆ... ಗಾಡಿಗೆ ಏನಾದ್ರೂ ಆಯ್ತಾ, ಅಂತ ಕೇಳಿದ್ರು."

"ಏನಂದೆ?"

"ಏನೂ ಆಗಿಲ್ಲ, ಹೊಸದರ ಹಂಗೇ ಇದೆ ಅಂದೆ. ಸುಳ್ಳು ಹೇಳ್ದೆ. ಅವರು... ನಕ್ಕರು."

ದೇವಿರಮ್ಮನವರ ಸುಕ್ಕುಗೆನ್ನೆಯ ಮೇಲೆ ನಗುವೂ ನೀರೂ ಒಟ್ಟಿಗೇ ಬಂದವು.

"ಅವನ ಬುದ್ದೀನೇ ಅಂಗೆ ಕಣವ್ವ! ಸಾಲ ಮಾಡಿ ತಕ್ಕೊಂಡಿದ್ದ ಗಾಡಿ... ಅದ್ರ ಮ್ಯಾಲೆ ಒಂದು ದೂಳು ಕೂರಾಕೆ ಬುಡ್ತಿರ್ನಿಲ್ಲ. ನಗ್ತಾ ಹೋದ್ನಾ? ಅಷ್ಟು ಸಾಕು ಬುಡು. ಅಷ್ಟು ಸಾಕು."

ಮುದುಕಿಯ ಒರಟು ಅಂಗೈ ಮಧುಶ್ರೀಯ ನಡುಗುವ ಕೈಗಳ ಮೇಲೆ ಕೂತಿತು.

"ಕೈ ಎಂಗೆ ಅದುರ್ತೈತೆ ನೋಡು. ಇಡ್ಕೋ, ನಾನೂ ಇಡ್ಕತೀನಿ."

ಇಬ್ಬರೂ ಸೇರಿ ಎತ್ತಿದರು. ಇಬ್ಬರೂ ಸೇರಿ ಹಾಕಿದರು. ಕಾಯಿ ಗುಂಡಿಯ ತಳಕ್ಕೆ ಬಿದ್ದು ಒಡೆಯಿತು. ಯಾರಿಗೂ ಏನೂ ಆಗಲಿಲ್ಲ.

ಸದಾಶಿವಯ್ಯನವರು ಕೈಮುಗಿದು, "ಮನೆಗೆ ಬನ್ನಿ ತಾಯಿ, ಒಂದು ಲೋಟ ನೀರಾದ್ರೂ ಕುಡೀಬೇಕು," ಅಂದರು. ದೇವಿರಮ್ಮ ಅವರ ಹಿಂದೆ ಹೊರಟರು.

ಸಾಗರ್ ಮತ್ತು ಮಧುಶ್ರೀ ಜನರಿಂದ ಸರಿದು ಗುಂಡಿಯ ಆಚೆ ಬದಿಯಲ್ಲಿ ಉಳಿದರು. ಮೊದಲು ಮಾತಾಡಿದವನು ಅವನು.

"ಆವತ್ತು ನಾನು ಎದ್ದು ಹೋಗಿದ್ದು ನಿನ್ನ ಮೇಲಿನ ಕೋಪಕ್ಕಲ್ಲ ಮಧು."

"ಮತ್ತೆ?"

"ಎಲ್ರೂ ನಂದು, ನಂದು ಅಂತಿದ್ರಲ್ಲ... ನಂಗೂ ಬಾಯಿಗೆ ಅದೇ ಬಂತು. ಆವತ್ತು ಬೆಳಗ್ಗೆ ಅಣ್ಣನ ಗಾಡಿಗೆ ಕುಂಬಳಕಾಯಿ ಒಡೆದಿದ್ದು ನಾನು. ನಮ್ಮನೆ ಮುಂದೆ, ನಡುರಸ್ತೇಲಿ. ಎತ್ತಿ ಹಾಕ್ಲಿಲ್ಲ ಮಧು! ಆಮೇಲೆ ಆಸ್ಪತ್ರೆ, ಗಲಾಟೆ... ನಮ್ಮ ರಸ್ತೇಲಿ ಯಾರು ಜಾರಿದ್ರೋ, ಯಾರು ಬಿದ್ರೋ, ಇವತ್ತಿಗೂ ಗೊತ್ತಿಲ್ಲ. ಬೇರೆಯವರನ್ನ ಕೇಳೋಕೆ ಅಂತ ಊರೆಲ್ಲ ಸುತ್ತಿದೆ. ನನ್ನನ್ನ ಒಂದ್ಸಲಾನೂ ಕೇಳ್ಕೊಳ್ಳಲಿಲ್ಲ." ಅವನು ಗುಂಡಿಯೊಳಗಿನ ಹೋಳುಗಳನ್ನು ನೋಡಿದ. "ನೀನು ಅಷ್ಟು ಜನರ ಮುಂದೆ ಹೇಳ್ದೆ. ನಂಗೆ ಧೈರ್ಯ ಬರ್ಲಿಲ್ಲ. ನಿನ್ನೆ ಅವ್ವಂಗೆ ಹೇಳ್ದೆ."

ಮಧುಶ್ರೀ ಅವನನ್ನೇ ನೋಡಿದಳು. ಮೊದಲ ಸಲ ಆ ಮುಖದಲ್ಲಿ ಅವಳಿಗೆ ಸಾಗರ್ ಒಬ್ಬನೇ ಕಂಡ.

"ನಾನು ಬೇಡ ಅಂದಿದ್ದು ನಿನ್ನ ಕೆಲಸಕ್ಕಲ್ಲ, ಜಾತಿಗೂ ಅಲ್ಲ ಸಾಗರ್..."

"ಗೊತ್ತು ಬಿಡು."

"ಆಗ್ಲೇ ಹೂಂ ಅನ್ನೋಕೆ ಎಷ್ಟು ಆಸೆ ಇತ್ತು ಗೊತ್ತಾ? ನಿನ್ನ ಕಂಡ್ರೆ ಪ್ರಾಣ ಕಣೋ ನಂಗೆ!"

ಅವನು ನಗಲು ಹೋಗಿ ಅತ್ತ. ಅವಳು ಅಳುವುದನ್ನು ನಿಲ್ಲಿಸಿ ನಕ್ಕಳು.

"ಹಂಗಿದ್ರೆ ಇವತ್ತು ಕೇಳ್ಲಾ?" ಅಂದ.

"ನೀನು ಕೇಳೋವರೆಗೂ ನಿಮ್ಮವ್ವ ಕಾಯ್ತಾರಾ? ನೋಡು ಅಲ್ಲಿ."

ರಸ್ತೆಯಾಚೆ ಮಧುಶ್ರೀಯ ಮನೆಯ ಜಗಲಿಯ ಮೇಲೆ ದೇವಿರಮ್ಮ ಕಾಲು ಚಾಚಿ ಕೂತಿದ್ದರು. ಎದುರಿಗೆ ಪ್ರೇಮಲೀಲಾ. ಇಬ್ಬರೂ ತಲೆಗೆ ತಲೆ ಕೊಟ್ಟು ಏನೋ ಮಾತಾಡುತ್ತಿದ್ದರು. ಸದಾಶಿವಯ್ಯ ಮಂಡಿ ನೀವುತ್ತ ಹೂಂಗುಟ್ಟುತ್ತಿದ್ದರು.

ಸಾಗರ್ ಕಣ್ಣೊರೆಸಿಕೊಂಡ.

"ಅಣ್ಣ ಇರ್ಬೇಕಿತ್ತು ಮಧು."

"ಇರ್ಬೇಕಿತ್ತು," ಅಂದಳು ಅವಳು, ಅವನ ಕೈ ಹಿಡಿದುಕೊಂಡು.